ಲಾಘವದ ಯಂತ್ರಶಿಲ್ಪಿ ಕಾಲಿನ್ ಚಾಪ್ಮನ್

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಮೋಟಾರು ಗಾಡಿಯ ಹಿಂದಿನ ಅಚ್ಚಿನ ಮಾತೇಕೆ ಎಂದು ಓದುಗರು ಹುಬ್ಬೇರಿಸಿದರೆ ಅದು ತಪ್ಪಲ್ಲ. ನನ್ನನ್ನು ಈ ವಿಷಯಕ್ಕೆ ಎಳೆತಂದುದು ಯಂತ್ರವಲ್ಲ, ಒಂದು ಶಬ್ದ. ಲಾಘವ ಎಂಬ ಮಾತನ್ನು ನಾವು ತರಗತಿಯಲ್ಲಿ ಹಲವು ಅರ್ಥಗಳಲ್ಲಿ ಬಳಸುತ್ತೇವೆ. ಹಗುರವಾಗಿರುವುದು ಲಾಘವ; ಕೈಯ ಚಳಕವೂ ಲಾಘವ; ಸೂತ್ರಕಾರನು ಹತ್ತು ಮಾತು ಬೇಕಾದೆಡೆ ಎರಡರಲ್ಲಿ ಮುಗಿಸಿದರೆ ಅದೂ ಲಾಘವವೇ. ಅರ್ಧಮಾತ್ರೆಯನ್ನು ಉಳಿಸಿದ ವೈಯಾಕರಣನು ಮಗ ಹುಟ್ಟಿದಷ್ಟು ಹಿಗ್ಗುವನೆಂದು ಹಳಬರು ನಗೆಯಾಡುತ್ತಿದ್ದುದುಂಟು. ಆದರೆ ಈ ಶಬ್ದಕ್ಕೆ ಇನ್ನೊಂದು ಮುಖವೂ ಇದೆ. ಗೌರವಕ್ಕೆ ಎದುರಾದುದು, ಸಲ್ಲಬೇಕಾದ ತೂಕವನ್ನು ಸಲ್ಲಿಸದೆ ಹಗುರವಾಗಿ ಕಾಣುವುದು, ಅದೂ ಲಾಘವವೇ. ಈ ಅರ್ಥಗಳೆಲ್ಲವೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಒಟ್ಟುಗೂಡಿದುದನ್ನು ನೋಡಬೇಕಾದರೆ ಲೋಟಸ್ ಕಾರುಗಳನ್ನು ನಿರ್ಮಿಸಿದ ಆಂಗ್ಲೇಯ ಕಾಲಿನ್ ಚಾಪ್ಮನ್ನನ ಚರಿತ್ರೆಯನ್ನು ನೋಡಬೇಕು.

ಆಂಥೊನಿ ಕಾಲಿನ್ ಬ್ರೂಸ್ ಚಾಪ್ಮನ್ 1928ರ ಮೇ 19ರಂದು ಲಂಡನ್ನಿನ ಬಳಿಯ ರಿಚ್ಮಂಡಿನಲ್ಲಿ ಹುಟ್ಟಿದನು. ತಂದೆ ಸ್ಟ್ಯಾನ್ಲಿ ಚಾಪ್ಮನ್ ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ ರೈಲ್ವೆ ಹೋಟೆಲೆಂಬ ಪಾನಗೃಹವನ್ನು ನಡೆಸುತ್ತಿದ್ದನು. ಹುಡುಗ ಅಲ್ಲಿಯ ಶಾಲೆಯಲ್ಲಿ ಓದಿ, ಯುದ್ಧ ಮುಗಿದ ವರ್ಷ, 1945ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಯಾದನು. ಅವನು ಓದಿದುದು ಮೋಟಾರು ವಿದ್ಯೆಯಲ್ಲ, ಸೇತುವೆ ಕಟ್ಟಡಗಳ ವಿದ್ಯೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಒಂದು ತೊಲೆಯ ಮೇಲೆ ಯಾವ ಬಲ ಎಲ್ಲಿ ಬಿದ್ದು ಎಲ್ಲಿಗೆ ಇಳಿಯುತ್ತದೆ ಎಂಬ ಲೆಕ್ಕವೇ ಆ ವಿದ್ಯೆಯ ಪ್ರಾಣ. ಕಾಲೇಜಿನ ವೈಮಾನಿಕ ದಳಕ್ಕೆ ಸೇರಿ ವಿಮಾನ ಹಾರಿಸುವುದನ್ನೂ ಕಲಿತನು. ಹಗುರವಾದುದು ಗಟ್ಟಿಯೂ ಆಗಿರಬಲ್ಲುದೆಂಬುದನ್ನು ತೆಳು ಹಲಗೆಯ ವಿಮಾನಗಳು ಆ ಕಾಲದಲ್ಲಿ ಕಣ್ಣೆದುರಿಗೇ ತೋರಿಸುತ್ತಿದ್ದುವು.

ಓದಿನ ನಡುವೆ ಗೆಳೆಯನೊಬ್ಬನ ಜೊತೆಗೂಡಿ ಹಳೆಯ ಕಾರುಗಳನ್ನು ಕೊಂಡು ಮಾರುವ ವ್ಯಾಪಾರ ಹೂಡಿದನು. ಯುದ್ಧಾನಂತರದ ಇಂಗ್ಲೆಂಡಿನಲ್ಲಿ ಹೊಸ ಕಾರು ದುರ್ಲಭವಾಗಿದ್ದುದರಿಂದ ಹಳೆಯವುಗಳಿಗೆ ಒಳ್ಳೆಯ ಬೆಲೆ ಇದ್ದಿತು. ಆದರೆ 1947ರ ಕೊನೆಯಲ್ಲಿ ಸರಕಾರವು ಖಾಸಗಿ ವಾಹನಗಳಿಗೆ ಕೊಡುತ್ತಿದ್ದ ಪೆಟ್ರೋಲಿನ ಪಡಿಯನ್ನು ನಿಲ್ಲಿಸಿದೊಡನೆ ವ್ಯಾಪಾರ ಕುಸಿದುಬಿತ್ತು. ಕೈಯಲ್ಲಿದ್ದುದನ್ನೆಲ್ಲ ಸಿಕ್ಕ ಬೆಲೆಗೆ ಮಾರಿದ ಮೇಲೆ ಯಾರಿಗೂ ಬೇಡವಾಗಿ ಉಳಿದುದು ಒಂದು ಆಸ್ಟಿನ್ ಸೆವೆನ್. ಆ ಬೇಡದ ಗಾಡಿಯೇ ಮೊದಲ ಲೋಟಸ್ಸಾಯಿತು. ಅವನ ಗೆಳತಿ ಹೇಜಲ್ ವಿಲಿಯಮ್ಸಳ ತಂದೆತಾಯಿಗಳ ಮನೆ ಮಸ್ವೆಲ್ ಹಿಲ್ಲಿನಲ್ಲಿದ್ದಿತು. ಆ ಮನೆಯ ಹಿಂದಿನ ಕಿರಿದಾದ ಗರಾಜಿನಲ್ಲಿ 1948ರಲ್ಲಿ ಹಳೆಯ ಮೈಯನ್ನು ಕಿತ್ತೆಸೆದು, ತೆಳು ಮರದ ಹಲಗೆಗೆ ಅಲ್ಯೂಮಿನಿಯಂ ತಗಡನ್ನು ಅಂಟಿಸಿ ವಿಮಾನದ ರೀತಿಯಲ್ಲಿ ಹೊಸ ಮೈಯನ್ನು ಕಟ್ಟಿದನು. ಹಳೆಯ ಗಾಡಿಯಲ್ಲಿ ಮೈ ಎಂಬುದು ಚೌಕಟ್ಟಿನ ಮೇಲೆ ಹೊರೆಯಾಗಿ ಕುಳಿತಿತ್ತು. ಇಲ್ಲಿ ಮೈಯೇ ಚೌಕಟ್ಟಿಗೆ ಆಸರೆಯಾಯಿತು. ಒಂದು ಅಂಗ ಎರಡು ಕೆಲಸ ಮಾಡಬೇಕು ಎಂಬ ಅವನ ಬಾಳಿನ ತತ್ತ್ವ ಅಲ್ಲಿಯೇ ಮೊಳೆಯಿತು. ಗಾಡಿಗೆ ಲೋಟಸ್ ಎಂದು ಹೆಸರಿಟ್ಟನು. ತಾವರೆಯ ಹೆಸರು ಏಕೆ ಎಂಬುದನ್ನು ಆತನು ಲೋಕಕ್ಕೆ ಬಹಿರಂಗವಾಗಿ ಹೇಳಲೇ ಇಲ್ಲ.

ಮುಂದಿನ ನಾಲ್ಕು ವರ್ಷಗಳ ಕಥೆಯನ್ನು ಚುಟುಕಾಗಿ ಹೇಳಬಹುದು. ಗಣಿತದಲ್ಲಿ ಒಮ್ಮೆ ಮುಗ್ಗರಿಸಿ ಮತ್ತೆ ಕುಳಿತು ಪದವಿ ಪಡೆದನು. ವಾಯುಪಡೆಯಲ್ಲಿ ಅಲ್ಪಕಾಲವಿದ್ದು ಬಿಟ್ಟನು. ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ಹಗಲಿನ ಉದ್ಯೋಗ. ರಾತ್ರಿ ಕಾರುಗಳ ಉದ್ಯೋಗ. 1951ರಲ್ಲಿ ಆಸ್ಟಿನ್ ಸೆವೆನ್ ಪಂದ್ಯಗಳಿಗೆಂದು ಕಟ್ಟಿದ ಗಾಡಿಯಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಯೊಳಗೆ ಅಡ್ಡ ತಗಡುಗಳನ್ನಿಟ್ಟು ಎರಡು ಕೊಳವೆಗಳನ್ನು ನಾಲ್ಕರಂತೆ ದುಡಿಸಿ ಎಲ್ಲರನ್ನೂ ಹಿಂದಿಕ್ಕಿದನು. ಆ ಉಪಾಯವನ್ನು ನಿಷೇಧಿಸಲು ನಿಯಮವನ್ನೇ ತಿದ್ದಬೇಕಾಯಿತು. ನಿಯಮದ ಅಕ್ಷರಗಳ ನಡುವಿನ ಸಂದನ್ನು ಹುಡುಕುವ ಈ ಚಾಳಿ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1952ರ ಜನವರಿ 1ರಂದು ಲೋಟಸ್ ಎಂಜಿನಿಯರಿಂಗ್ ಎಂಬ ಸಂಸ್ಥೆ ಹುಟ್ಟಿತು. ಅದರ ಮೂಲಧನ ಹೇಜಲ್ ಕೊಟ್ಟ 25 ಪೌಂಡು. ಅದರ ಕಾರ್ಯಾಗಾರ ತಂದೆಯ ಪಾನಗೃಹದ ಹಿಂದಿದ್ದ ಕುದುರೆ ಲಾಯ. 1954ರ ಅಕ್ಟೋಬರಿನಲ್ಲಿ ಇಬ್ಬರಿಗೂ ಮದುವೆಯಾಯಿತು. 1955ರ ಮೊದಲಿನಿಂದ ಹಗಲಿನ ಉದ್ಯೋಗವನ್ನು ತೊರೆದು ಪೂರ್ಣಕಾಲವೂ ಲೋಟಸ್ಸಿಗೇ ಮುಡಿಪಾದನು.

ಆ ಕುದುರೆ ಲಾಯದಿಂದ ಹೊರಬಂದ ಮಾರ್ಕ್ 6 ಎಂಬ ಗಾಡಿ ನಿಜಕ್ಕೂ ಗಾಡಿಯಲ್ಲ, ಗಾಡಿಯ ಎಲುಬುಗೂಡು. ತೆಳು ಉಕ್ಕಿನ ಕೊಳವೆಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದ ಚೌಕಟ್ಟು. ತೂಕ ಕೇವಲ 55 ಪೌಂಡು. ಸೇತುವೆಯ ವಿದ್ಯೆಯನ್ನು ಓದಿದವನು ಸೇತುವೆಯನ್ನೇ ಮಡಿಸಿ ರಸ್ತೆಗಿಳಿಸಿದಂತೆ. ಕೊಂಡವನು ಅದನ್ನು ಮನೆಗೆ ಕೊಂಡೊಯ್ದು, ಹಳೆಯ ಫೋರ್ಡಿನಿಂದ ಎಂಜಿನ್ನನ್ನೂ ಅಚ್ಚನ್ನೂ ಬಿಚ್ಚಿ ತಂದು ತಾನೇ ಜೋಡಿಸಿಕೊಳ್ಳಬೇಕು. ಇದಕ್ಕೆ ಕಾರಣ ಸಾಹಸಪ್ರಿಯತೆಯಷ್ಟೇ ಅಲ್ಲ, ತೆರಿಗೆ. ಪೂರ್ಣವಾದ ಕಾರಿಗೆ ಇಂಗ್ಲೆಂಡಿನ ಸರಕಾರ ಭಾರಿ ಖರೀದಿ ತೆರಿಗೆಯನ್ನು ವಿಧಿಸುತ್ತಿತ್ತು. ಬಿಡಿ ಭಾಗಗಳಿಗೆ ಅದಿರಲಿಲ್ಲ. ಜೋಡಣೆಯ ಸೂಚನೆಗಳನ್ನು ಭಾಗಗಳ ಜೊತೆಗೆ ಕೊಟ್ಟರೆ ಅದು ಬಿಡಿ ಭಾಗವಲ್ಲವೆಂದು ಅಧಿಕಾರಿಗಳು ವಾದಿಸಬಹುದಾಗಿದ್ದುದರಿಂದ, ಚಾಪ್ಮನ್ ಗಾಡಿಯನ್ನು ಬಿಚ್ಚುವ ಕ್ರಮದ ಪತ್ರವೊಂದನ್ನು ಕೊಟ್ಟನೆಂದೂ, ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ತಲೆಕೆಳಗಾಗಿ ಓದಬೇಕಾದ ಗ್ರಂಥ! ಚಿತ್ರಕಾವ್ಯದ ಅನುಲೋಮ ವಿಲೋಮಗಳನ್ನು ಪಾಠ ಹೇಳುವ ನನ್ನಂಥವನಿಗೆ ಈ ಕಥೆ ನಂಬಲು ತಕ್ಕುದೆನಿಸುತ್ತದೆ.

ಹೀಗೆ ಮನೆಯ ಹಿತ್ತಿಲಲ್ಲಿ ಗಾಡಿ ಕಟ್ಟಿದವನಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾದ ಸ್ಥಾನ ಹಿಂದಿನ ಅಚ್ಚಿನ ನಡುವೆ ಇರುವ ಡಿಫರೆನ್ಶಿಯಲ್. ಅದರ ಕೆಲಸವನ್ನು ತಿಳಿಯಲು ಎತ್ತಿನ ಗಾಡಿಯಿಂದ ಹೊರಡುವುದು ಸುಲಭ. ಎತ್ತಿನ ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಮಗ್ಗುಲಿನ ಗಾಲಿ ಹೆಚ್ಚು ದೂರವನ್ನೂ ಒಳಮಗ್ಗುಲಿನದು ಕಡಿಮೆ ದೂರವನ್ನೂ ನಡೆಯುತ್ತವೆ. ಎರಡೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುವುದರಿಂದ ತೊಂದರೆಯಿಲ್ಲ. ಎಳೆಯುವುದು ಎತ್ತು, ಗಾಲಿಯಲ್ಲ. ಮೋಟಾರಿನಲ್ಲಾದರೋ ಗಾಲಿಯೇ ಎತ್ತು. ಒಂದೇ ಎಂಜಿನ್ನು ಎರಡು ಗಾಲಿಗಳನ್ನೂ ತಿರುಗಿಸಬೇಕು, ಆದರೆ ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡಬೇಕು. ಉದ್ದಕ್ಕೆ ಬರುವ ದಂಡದ ತುದಿಯ ಚಿಕ್ಕ ಹಲ್ಲುಗಾಲಿ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸಿ ಚಲನೆಯನ್ನು ಅಡ್ಡಕ್ಕೆ ಹೊರಳಿಸುತ್ತದೆ. ಅದರ ಒಡಲೊಳಗಿನ ಮರಿಗಾಲಿಗಳು ಎರಡು ಮಗ್ಗುಲಿಗೂ ಬಲವನ್ನು ಸಮನಾಗಿ ಹಂಚಿ, ವೇಗವನ್ನು ಮಾತ್ರ ಅವುಗಳ ಇಷ್ಟಕ್ಕೆ ಬಿಡುತ್ತವೆ.

ಇಷ್ಟು ಸರಿ. ಆದರೆ ಗಾಲಿಯನ್ನು ಮುಂದಕ್ಕೆ ತಿರುಗಿಸುವ ಪೆಟ್ಟಿಗೆ ತಾನು ಹಿಂದಕ್ಕೆ ತಿರುಗಲು ಹವಣಿಸುತ್ತದೆ. ದೋಣಿಯಿಂದ ದಡಕ್ಕೆ ನೆಗೆದವನ ಕಾಲಡಿಯಲ್ಲಿ ದೋಣಿ ಹಿಂದೆ ಸರಿಯುವಂತೆಯೇ ಇದು. ಎಂಜಿನ್ನಿನ ತಿರುಚುಬಲವನ್ನು ಮೊದಲ ಗೇರು 3.5 ಪಟ್ಟೂ ಹಲ್ಲುಗಾಲಿಗಳು 4 ಪಟ್ಟೂ ಹೆಚ್ಚಿಸುವುವೆಂದಿಟ್ಟುಕೊಂಡರೆ, ಅಚ್ಚಿಗೆ ತಲುಪುವುದು 14 ಪಟ್ಟು. ಅಷ್ಟೇ ಬಲ ಡಿಫರೆನ್ಶಿಯಲ್ಲಿನ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಕೈಗೆತ್ತಿಕೊಳ್ಳಬಹುದಾದ ಚಿಕ್ಕ ಎಂಜಿನ್ನಿನ ಬಲವನ್ನು ನೋಡಿ ಆಧಾರವನ್ನು ಮಾಡಿದವನು ಈ ಗುಣಾಕಾರವನ್ನು ಮರೆತರೆ ಮೊದಲ ಸಂಜೆಯೇ ಬೋಲ್ಟುಗಳು ಲೆಕ್ಕ ಒಪ್ಪಿಸುತ್ತವೆ.

ಹಿಡಿದಿಡುವುದರ ಜೊತೆಗೆ ನೇರಕ್ಕೆ ತರುವ ಕೆಲಸವೂ ಇದೆ. ಗೇರುಪೆಟ್ಟಿಗೆಯಿಂದ ಬರುವ ದಂಡದ ಎರಡು ತುದಿಗಳಲ್ಲಿಯೂ ಬಾಗುವ ಕೀಲುಗಳಿರುತ್ತವೆ. ಬಾಗಿದ ಕೀಲಿನ ಗುಣವೇನೆಂದರೆ, ಒಂದು ಕಡೆ ಸಮನಾಗಿ ತಿರುಗಿದರೂ ಇನ್ನೊಂದು ಕಡೆ ಪ್ರತಿ ಸುತ್ತಿಗೆ ಎರಡು ಸಲ ಹಿಂದುಮುಂದಾಗಿ ತಿರುಗುತ್ತದೆ. ಮುಂದಿನ ಕೀಲು ಮಾಡಿದ ಈ ತಪ್ಪನ್ನು ಹಿಂದಿನ ಕೀಲು ಅಳಿಸಬೇಕಾದರೆ ಎರಡರ ಬಾಗೂ ಸಮವಾಗಿರಬೇಕು. ಎಂದರೆ ಗೇರುಪೆಟ್ಟಿಗೆಯ ದಂಡವೂ ಡಿಫರೆನ್ಶಿಯಲ್ಲಿನ ಮೂತಿಯೂ ಒಂದೇ ಗೆರೆಯಲ್ಲಿರದಿದ್ದರೂ ಚಿಂತೆಯಿಲ್ಲ, ಒಂದಕ್ಕೊಂದು ಸಮಾನಾಂತರವಾಗಿರಬೇಕು. ತೀರ ಒಂದೇ ಗೆರೆಯಲ್ಲಿ ಇಟ್ಟರೆ ಕೀಲಿನೊಳಗಿನ ಸೂಜಿಗಳು ಅಲುಗದೆ ಒಂದೇ ಜಾಗದಲ್ಲಿ ಒತ್ತಿ ಗುಳಿ ಬೀಳುತ್ತವೆಂದು ಅನುಭವಿಗಳು ಬೇಕೆಂದೇ ಕೊಂಚ ಬಾಗನ್ನು ಬಿಡುತ್ತಾರೆ. ಮನೆಯಲ್ಲಿ ಕಟ್ಟುವವನ ಬಳಿ ಇರುವ ಉಪಕರಣಗಳೋ ದಾರ, ತೂಗುಗುಂಡು, ಸೀಮೆಸುಣ್ಣ, ರಸಮಟ್ಟ. ಚೌಕಟ್ಟಿನ ನಾಲ್ಕು ಮೂಲೆಗಳಿಂದ ಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಕರ್ಣಗಳನ್ನು ಅಳೆದು, ನಡುಗೆರೆಯನ್ನು ಎಳೆದು, ಆ ಗೆರೆಗೆ ಅಚ್ಚನ್ನು ಅಡ್ಡಲಂಬವಾಗಿ ನಿಲ್ಲಿಸಬೇಕು. ನಮ್ಮ ಬಡಗಿ ಮನೆಯ ಪಾಯಕ್ಕೆ ದಾರ ಹಿಡಿಯುವುದಕ್ಕೂ ಇದಕ್ಕೂ ಏನೂ ಭೇದವಿಲ್ಲ. ಅಚ್ಚು ಓರೆಯಾಗಿ ನಿಂತರೆ ಗಾಡಿ ಬೀದಿಯ ನಾಯಿಯಂತೆ ಮೈ ಓರೆ ಮಾಡಿಕೊಂಡು ಓಡುತ್ತದೆ.

1957ರಲ್ಲಿ ಬಂದ ಲೋಟಸ್ ಸೆವೆನ್ ಮನೆಯಲ್ಲಿ ಕಟ್ಟುವವರ ಗಾಡಿಗಳಲ್ಲೆಲ್ಲ ಹೆಸರಾಂತುದು. ಅದರ ಹಿಂದಿನ ಅಚ್ಚು ಇಡಿಯಾದುದು. ಡಿಫರೆನ್ಶಿಯಲ್ ಅಚ್ಚಿನ ಕೊಳವೆಯೊಳಗೇ ಅಡಗಿದ್ದು ಗಾಲಿಗಳೊಡನೆ ಏರಿಳಿಯುತ್ತಿತ್ತು. ಮೊದಲ ಮಾದರಿಯಲ್ಲಿ ಅಚ್ಚನ್ನು ಹಲವು ಸರಳುಗಳು ಹಿಡಿದಿದ್ದುವು. 1960ರಲ್ಲಿ ಎರಡನೆಯ ಮಾದರಿಯನ್ನು ರಚಿಸುವಾಗ ಚಾಪ್ಮನ್ನನಿಗೆ ಅದೂ ಹೆಚ್ಚೆನಿಸಿತು. ಮೇಲೆ ಮಗ್ಗುಲಿಗೊಂದು ಸರಳನ್ನು ಉಳಿಸಿ, ಕೆಳಗೆ ತ್ರಿಕೋನಾಕಾರದ ಒಂದೇ ತೋಳನ್ನು ಡಿಫರೆನ್ಶಿಯಲ್ ಪೆಟ್ಟಿಗೆಯ ಅಡಿಗೆ ಬಿಗಿದನು. ಆ ಒಂದೇ ತೋಳು ಅಚ್ಚನ್ನು ಹಿಂದುಮುಂದಾಗದಂತೆಯೂ ಅಡ್ಡಕ್ಕೆ ಸರಿಯದಂತೆಯೂ ತಡೆದು, ಮೂತಿಯ ಏಳುವಿಕೆಯನ್ನೂ ಹಿಡಿಯಬೇಕು. ಕಾಗದದ ಮೇಲೆ ಇದು ಸೂತ್ರದಂತೆ ಸೊಗಸು. ಆದರೆ ಆ ಅಚ್ಚು ಸ್ಟ್ಯಾಂಡರ್ಡ್ ಕಂಪನಿಯ ಒಂದು ಸಾಧುವಾದ ಕುಟುಂಬದ ಗಾಡಿಗೆಂದು ಎರಕವಾದುದು. ಅದನ್ನು ಮಾಡಿದವರು ಪೆಟ್ಟಿಗೆಯ ಅಡಿಯನ್ನು ಹಿಡಿದು ಯಾರಾದರೂ ಗಾಡಿಯನ್ನೆಲ್ಲ ಜಗ್ಗುವರೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಪೆಟ್ಟಿಗೆ ತಿರುಚಿಕೊಂಡಿತು, ಕೂಡುಗಳಲ್ಲಿ ಎಣ್ಣೆ ಸೋರಿತು, ಬಿರುಸಾಗಿ ಓಡಿಸಿದವರ ಗಾಡಿಗಳಲ್ಲಿ ಪೆಟ್ಟಿಗೆ ಬಿರುಕುಬಿಟ್ಟಿತು. ಗಾಡಿಯ ಮಾಲೀಕರು ತಾವೇ ಪೆಟ್ಟಿಗೆಗೆ ಉಕ್ಕಿನ ಪಟ್ಟಿಗಳನ್ನು ಬೆಸೆದು ಬಲಪಡಿಸಿಕೊಂಡರು. ಲೋಟಸ್ಸಿನ ಕಾರ್ಯಾಗಾರದಲ್ಲಿ ಉಳಿಸಿದ ತೂಕವನ್ನು ಕೊಂಡವರ ಹಿತ್ತಿಲಿನಲ್ಲಿ ಮತ್ತೆ ಸೇರಿಸಿದಂತಾಯಿತು.

ಇದಕ್ಕೂ ಸುಂದರವಾದ, ಇದಕ್ಕೂ ದುಬಾರಿಯಾದ ಪಾಠ ಎಲೀಟ್ ಎಂಬ ಗಾಡಿಯದು. 1957ರ ಅಕ್ಟೋಬರಿನ ಲಂಡನ್ ಪ್ರದರ್ಶನದಲ್ಲಿ ಅದು ಮೊದಲು ಕಾಣಿಸಿಕೊಂಡಾಗ ಜನ ಬೆರಗಾದರು. ಪೀಟರ್ ಕರ್ವನ್ ಟೇಲರ್ ಎಂಬ ಲೆಕ್ಕಪರಿಶೋಧಕನು ಅದರ ಆಕಾರವನ್ನು ರೂಪಿಸಿದ್ದನು. ವಿಮಾನತಜ್ಞ ಫ್ರಾಂಕ್ ಕಾಸ್ಟಿನ್ ಗಾಳಿಯ ಓಟಕ್ಕೆ ಅದನ್ನು ತಿದ್ದಿದ್ದನು. ಬೆರಗು ಆಕಾರದ್ದಷ್ಟೇ ಅಲ್ಲ. ಅದಕ್ಕೆ ಚೌಕಟ್ಟೇ ಇರಲಿಲ್ಲ. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಎರೆದ ಚಿಪ್ಪೇ ಎಲುಬು, ಚಿಪ್ಪೇ ಚರ್ಮ. ಆಮೆಗಾದರೂ ಚಿಪ್ಪಿನೊಳಗೆ ಎಲುಬಿದೆ. ಇದಕ್ಕೆ ಕೆಲವೆಡೆ ಹುದುಗಿಸಿದ ಉಕ್ಕಿನ ತುಂಡುಗಳನ್ನು ಬಿಟ್ಟರೆ ಬೇರೆ ಎಲುಬಿಲ್ಲ.

ಈ ಚಿಪ್ಪಿನ ಹಿಂಭಾಗದಲ್ಲಿ ಡಿಫರೆನ್ಶಿಯಲ್ಲನ್ನು ನೇರವಾಗಿ ಬೋಲ್ಟುಗಳಿಂದ ಬಿಗಿದಿದ್ದರು. ಅಲ್ಲಿ ಒಟ್ಟುಗೂಡಿದ ಬಲಗಳನ್ನು ಎಣಿಸಿದರೆ ಚಾಪ್ಮನ್ನನ ಬುದ್ಧಿಯ ಹೊಳಪೂ ಅದರ ಅತಿಯೂ ಒಟ್ಟಿಗೇ ಕಾಣುತ್ತವೆ. ಗಾಡಿ ಮುಂದಕ್ಕೆ ನುಗ್ಗುವಾಗ ಪೆಟ್ಟಿಗೆಯ ಮೂತಿ ಮೇಲಕ್ಕೆ ಎಳೆಯುವುದಂತೂ ಸಹಜ. ತೂಕವನ್ನು ಗಾಲಿಗಳಿಂದ ತಪ್ಪಿಸಲೆಂದು ಹಿಂದಿನ ಬ್ರೇಕುಗಳನ್ನೂ ಅವನು ಗಾಲಿಯ ಬಳಿಯಿಂದ ತಂದು ಡಿಫರೆನ್ಶಿಯಲ್ಲಿನ ಮಗ್ಗುಲಿಗೆ ಕೂರಿಸಿದ್ದನು. ಆದಕಾರಣ ಬ್ರೇಕು ಹಾಕಿದಾಗ ಅದೇ ಮೂತಿ ಕೆಳಕ್ಕೆ ಜಗ್ಗುತ್ತಿತ್ತು. ಇನ್ನೂ ಒಂದಿದೆ. ಗಾಲಿಯನ್ನು ತಿರುಗಿಸುವ ಅಡ್ಡದಂಡವೇ ಗಾಲಿಯನ್ನು ಅಡ್ಡಕ್ಕೆ ಸರಿಯದಂತೆ ಹಿಡಿಯುವ ಕೆಳತೋಳೂ ಆಗಿತ್ತು. ಬೇರೆ ತೋಳಿನ ತೂಕ ಉಳಿಯಿತು, ಆದರೆ ತಿರುವಿನಲ್ಲಿ ಗಾಲಿಗೆ ಬಿದ್ದ ಒತ್ತಡವೂ ಆ ದಂಡದ ಮೂಲಕ ನೇರವಾಗಿ ಡಿಫರೆನ್ಶಿಯಲ್ಲಿಗೇ ಬಂದಿತು. ಹೀಗೆ ಓಡುವುದು, ನಿಲ್ಲುವುದು, ತಿರುಗುವುದು ಮೂರರ ಭಾರವೂ ಗಾಜುನಾರಿನ ಒಂದು ಅಂಗೈಯಗಲದ ಜಾಗವನ್ನು ಮೇಲೆ, ಕೆಳಗೆ, ಅಡ್ಡಕ್ಕೆ ಎಳೆದಾಡಿದುವು. ಉಕ್ಕು ಬಳುಕಿ ಸಹಿಸುತ್ತದೆ; ನಾರಿನ ಪದರಗಳು ಒಂದರಿಂದೊಂದು ಬಿಡುತ್ತವೆ. ಕೆಲವು ಗಾಡಿಗಳಲ್ಲಿ ಡಿಫರೆನ್ಶಿಯಲ್ಲಿನ ಬೋಲ್ಟುಗಳು ಚಿಪ್ಪಿನಿಂದ ಕಿತ್ತುಬಂದುವು. ಕೀಳದಿದ್ದ ಗಾಡಿಗಳಲ್ಲಿಯೂ ಹಲ್ಲುಗಾಲಿಗಳ ಸದ್ದು ಚಿಪ್ಪನ್ನೆಲ್ಲ ನಗಾರಿಯಂತೆ ಮೊಳಗಿಸುತ್ತಿತ್ತು.

ಎಲೀಟ್ ಪಂದ್ಯಗಳಲ್ಲಿ ಗೆದ್ದಿತು. ಲೆ ಮಾನ್ಸಿನ 24 ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದ ಬಹುಮಾನವನ್ನು ಮತ್ತೆ ಮತ್ತೆ ಪಡೆಯಿತು. ಆದರೆ ವ್ಯಾಪಾರವಾಗಿ ಅದು ಲೋಟಸ್ಸಿಗೆ ನಷ್ಟವನ್ನೇ ತಂದಿತು. 1963ರವರೆಗೆ ಹೊರಬಂದುವು ಸುಮಾರು ಒಂದು ಸಾವಿರ ಗಾಡಿಗಳು ಮಾತ್ರ.

ಈ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆದಿತ್ತು. ಒಂಟಿ ಕುಳಿತಾಣದ ಪಂದ್ಯದ ಗಾಡಿಗೆಂದು ಚಾಪ್ಮನ್ ಗೇರುಗಳನ್ನೂ ಡಿಫರೆನ್ಶಿಯಲ್ಲನ್ನೂ ಒಂದೇ ಚಿಕ್ಕ ಪೆಟ್ಟಿಗೆಯಲ್ಲಿ ಅಡಕಗೊಳಿಸಿದ್ದನು. ಅದು ಮುರಿಯುವುದರಲ್ಲಿ ಹೆಸರುವಾಸಿಯಾಯಿತು. ಅದನ್ನು ಸರಿಪಡಿಸಲು ನೇಮಕಗೊಂಡ ಕೀತ್ ಡಕ್ವರ್ತ್ ಎಂಬ ತರುಣನು ಮೂಲದಿಂದ ತಿದ್ದಬೇಕೆಂದನು. ಅದಕ್ಕೆ ಹಣ ಸಿಗಲಿಲ್ಲ. 1958ರಲ್ಲಿ ಅವನು ಲೋಟಸ್ಸನ್ನು ಬಿಟ್ಟು ಮೈಕ್ ಕಾಸ್ಟಿನ್ನನೊಡನೆ ಕಾಸ್ವರ್ತ್ ಎಂಬ ಸಂಸ್ಥೆಯನ್ನು ಹೂಡಿದನು. ಒಂಬತ್ತು ವರ್ಷಗಳ ತರುವಾಯ ಚಾಪ್ಮನ್ನನ ಗಾಡಿಯನ್ನು ಲೋಕೋತ್ತರವಾಗಿ ಮಾಡಿದ ಎಂಜಿನ್ನನ್ನು ರಚಿಸಿದವನೂ ಇದೇ ಡಕ್ವರ್ತ್. ವಿಧಿಗೂ ಒಂದು ವಿನೋದಪ್ರಜ್ಞೆ ಇರುವಂತೆ ತೋರುತ್ತದೆ.

ಚಾಪ್ಮನ್ ತಪ್ಪಿನಿಂದ ಕಲಿಯಲಿಲ್ಲವೆಂದರೆ ಅನ್ಯಾಯವಾದೀತು. 1962ರ ಎಲಾನ್ ಎಂಬ ಗಾಡಿಯೇ ಅದಕ್ಕೆ ಸಾಕ್ಷಿ. ಅದನ್ನೂ ಚಿಪ್ಪಿನ ಗಾಡಿಯಾಗಿಯೇ ಮಾಡಬೇಕೆಂದಿದ್ದಿತು. ದಕ್ಷಿಣ ಆಫ್ರಿಕೆಯಿಂದ ಬಂದ ರಾನ್ ಹಿಕ್ಮನ್ ಅದರ ಹೊಣೆ ಹೊತ್ತಿದ್ದನು. ಚಿಪ್ಪು ಸಿದ್ಧವಾಗುವುದಕ್ಕೆ ಮೊದಲೇ ಗಾಲಿ, ತೋಳು, ಎಂಜಿನ್ನುಗಳನ್ನು ಓಡಿಸಿ ನೋಡಲೆಂದು ಮಡಿಸಿದ ಉಕ್ಕಿನ ತಗಡಿನಿಂದ ಬೆನ್ನೆಲುಬಿನಂತಹ ಒಂದು ತಾತ್ಕಾಲಿಕ ಚೌಕಟ್ಟನ್ನು ಮಾಡಿದರು. ಆ ತಾತ್ಕಾಲಿಕವೇ ಚಿಪ್ಪಿಗಿಂತ ಹಗುರ, ಅಗ್ಗ ಹಾಗೂ ಗಟ್ಟಿ ಎಂದು ಕಂಡುಬಂದು ಅದೇ ಶಾಶ್ವತವಾಯಿತು. ಡಿಫರೆನ್ಶಿಯಲ್ಲನ್ನು ಈ ಬೆನ್ನೆಲುಬಿಗೆ ಮೇಲಿನಿಂದ ಎರಡು ರಬ್ಬರಿನ ಆಧಾರಗಳಲ್ಲಿ ತೂಗುಹಾಕಿ, ಕೆಳಗಿನಿಂದ ಎರಡು ಸರಳುಗಳಿಂದ ಮುಂದಕ್ಕೆ ಕಟ್ಟಿದರು. ಮೂತಿಯ ಏಳುವಿಕೆಯನ್ನು ಸರಳುಗಳು ತಡೆದುವು, ಸದ್ದನ್ನು ರಬ್ಬರು ನುಂಗಿತು. ಅದಕ್ಕಿಂತ ಮುಖ್ಯವಾಗಿ, ಬ್ರೇಕುಗಳು ಗಾಲಿಗಳ ಬಳಿಗೆ ಹಿಂದಿರುಗಿದುವು. ಗಾಲಿಯನ್ನು ಹಿಡಿಯಲು ಅಗಲವಾದ ಬೇರೆ ತೋಳು ಬಂದಿತು. ಅಡ್ಡದಂಡಗಳಿಗೆ ರಬ್ಬರಿನ ಉಂಗುರಗಳನ್ನು ಕೂಡಿಸಿ ಅವುಗಳಿಗೆ ತಿರುಗುವುದೊಂದೇ ಕೆಲಸವೆಂದು ಬಿಡುಗಡೆ ಕೊಟ್ಟರು. ಮೂವರ ದುಡಿಮೆಯನ್ನು ಒಬ್ಬನೇ ಹೊತ್ತಿದ್ದ ಡಿಫರೆನ್ಶಿಯಲ್ಲಿಗೆ ಕೊನೆಗೂ ತನ್ನ ಕೆಲಸ ಮಾತ್ರ ಉಳಿಯಿತು. ಕ್ಲಚ್ಚನ್ನು ಒರಟಾಗಿ ಬಿಟ್ಟರೆ ರಬ್ಬರಿನ ಉಂಗುರಗಳು ಸುತ್ತಿಕೊಂಡು ಬಿಚ್ಚಿಕೊಂಡು ಗಾಡಿ ಎರಡು ಸಲ ಜಗ್ಗುವುದೆಂಬ ದೂರು ಉಳಿಯಿತು, ನಿಜ. ಆದರೂ ಓಡಿಸುವವನ ಮನಸ್ಸನ್ನು ಅಷ್ಟು ಚೆನ್ನಾಗಿ ಅರಿತ ಗಾಡಿ ಬೇರೊಂದಿಲ್ಲವೆಂದು ಬಲ್ಲವರು ಇಂದಿಗೂ ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಚಾಪ್ಮನ್ನನ ಉತ್ತಮ ಕೃತಿ ಅವನ ವಿಜಯಗಳ ಗಾಡಿಗಳಲ್ಲಿ ಯಾವುದೂ ಅಲ್ಲ, ತನ್ನ ಸೂತ್ರವನ್ನು ತಾನೇ ತಿದ್ದಿಕೊಂಡ ಈ ಎಲಾನ್.

ವಿಜಯಗಳಾದರೋ ಹೇರಳವಾಗಿದ್ದುವು. 1963ರಿಂದ 1978ರವರೆಗೆ ನಿರ್ಮಾಪಕರ ವಿಶ್ವಪ್ರಶಸ್ತಿ ಲೋಟಸ್ಸಿಗೆ ಏಳು ಸಲ ಬಂದಿತು. ಸ್ಕಾಟ್ಲೆಂಡಿನ ಕೃಷಿಕ ಜಿಮ್ ಕ್ಲಾರ್ಕ್ 1963 ಮತ್ತು 1965ರಲ್ಲಿ ವಿಶ್ವವಿಜೇತನಾದನು. 1965ರಲ್ಲಿಯೇ ಅಮೆರಿಕದ ಇಂಡಿಯಾನಾಪೊಲಿಸ್ 500 ಪಂದ್ಯವನ್ನೂ ಗೆದ್ದನು. 1962ರಲ್ಲಿಯೇ ಆ ಪಟ್ಟ ಅವನಿಗೆ ಒಲಿಯಬೇಕಾಗಿತ್ತು. ದಕ್ಷಿಣ ಆಫ್ರಿಕೆಯ ಕೊನೆಯ ಪಂದ್ಯದಲ್ಲಿ ಮುಂಚೂಣಿಯಲ್ಲಿದ್ದಾಗ ಎಂಜಿನ್ನಿನಿಂದ ಒಂದು ಚಿಕ್ಕ ಬೋಲ್ಟು ಕಳಚಿ ಎಣ್ಣೆಯೆಲ್ಲ ಸೋರಿಹೋಯಿತು.

ಬೋಲ್ಟು ಕಳಚಿದರೆ ಪಟ್ಟ ತಪ್ಪುತ್ತದೆ, ಅಷ್ಟೆ. ಬೇರೆ ಅಂಗಗಳು ಮುರಿದರೆ ಆಗುವುದು ಬೇರೆ. 1960ರ ಜೂನಿನಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಒಂದೇ ದಿನ ಲೋಟಸ್ಸಿನ ಹಿಂಗಾಲಿ ಕಳಚಿ ಸ್ಟರ್ಲಿಂಗ್ ಮಾಸ್ ಕಾಲುಗಳನ್ನು ಮುರಿದುಕೊಂಡನು. ಮೈಕ್ ಟೇಲರನ ಗಾಡಿಯಲ್ಲಿ ಸ್ಟಿಯರಿಂಗ್ ದಂಡದ ಬೆಸುಗೆ ಬಿಟ್ಟು ಅವನ ಪಂದ್ಯದ ಬಾಳು ಅಲ್ಲಿಗೇ ಮುಗಿಯಿತು. 1968ರ ಏಪ್ರಿಲ್ 7ರಂದು ಜರ್ಮನಿಯ ಹಾಕೆನ್‌ಹೈಮಿನಲ್ಲಿ ಕ್ಲಾರ್ಕ್ ಸತ್ತನು. ಅಲ್ಲಿ ಕಾರಣ ಟೈರಿನದೇ ಹೊರತು ಗಾಡಿಯದಲ್ಲವೆಂದು ಬಹುಮಟ್ಟಿಗೆ ನಂಬಲಾಗಿದೆ. ಆದರೂ ಸೋದರನಂತಿದ್ದವನನ್ನು ಕಳೆದುಕೊಂಡ ಚಾಪ್ಮನ್ ಆ ಮೇಲೆ ಮೊದಲಿನ ಮನುಷ್ಯನಾಗಿ ಉಳಿಯಲಿಲ್ಲ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಯೋಹೆನ್ ರಿಂಟ್ ಅಭ್ಯಾಸದ ಸಮಯದಲ್ಲಿ ಬ್ರೇಕು ಹಾಕಿದಾಗ ಗಾಡಿ ಎಡಕ್ಕೆ ಎಳೆದು ತಡೆಗೋಡೆಗೆ ಬಡಿಯಿತು. ಆ ಗಾಡಿಯಲ್ಲಿ ಮುಂದಿನ ಬ್ರೇಕುಗಳೂ ಗಾಲಿಯಿಂದ ಒಳಕ್ಕೆ ಸರಿದಿದ್ದುವು. ಬ್ರೇಕನ್ನೂ ಗಾಲಿಯನ್ನೂ ಜೋಡಿಸುವ ಟೊಳ್ಳಾದ ದಂಡ ಮುರಿದುದು ಕಂಡುಬಂದಿತು. ತಡೆಗೋಡೆಯ ಕಳಪೆ ಕಟ್ಟಡವೂ ಸಾವಿಗೆ ಕಾರಣವಾಯಿತೆಂಬುದು ದಿಟ. ಆದರೆ ಸತ್ತ ಮೇಲೆ ವಿಶ್ವವಿಜೇತನೆಂದು ಘೋಷಿತನಾದ ಒಬ್ಬನೇ ಒಬ್ಬನು ಈ ರಿಂಟ್ ಎಂಬುದನ್ನು ಓದುವಾಗ ಲಾಘವ ಎಂಬ ಶಬ್ದದ ಆ ಇನ್ನೊಂದು ಅರ್ಥ ಎದೆಯಲ್ಲಿ ಚುಚ್ಚದೆ ಇರದು. ಸೆವೆನ್ ಗಾಡಿಯಲ್ಲಿ ಎಣ್ಣೆ ಸೋರಿಸಿದ ಅದೇ ತತ್ತ್ವ ಇಲ್ಲಿ ರಕ್ತವನ್ನು ಹರಿಸಿತು.

ಇಷ್ಟಾದರೂ ಹಳೆಯ ಮೋಹ ಅವನನ್ನು ಬಿಟ್ಟಿತೆನ್ನುವಂತಿಲ್ಲ. 1966ರ ಯೂರೋಪಾ ಗಾಡಿಯಲ್ಲಿ ಅಡ್ಡದಂಡವು ಮತ್ತೆ ಗಾಲಿಯನ್ನು ಹಿಡಿಯುವ ತೋಳಾಯಿತು. 1976ರ ಎಸ್ಪ್ರಿಯಲ್ಲಿ ಅದರ ಜೊತೆಗೆ ಬ್ರೇಕುಗಳೂ ಮತ್ತೆ ಒಳಕ್ಕೆ ಬಂದುವು. ಕವಿಗೆ ಮೆಚ್ಚಿನ ಒಂದು ಛಂದಸ್ಸಿರುವಂತೆ ಇದು ಅವನಿಗಿದ್ದ ಛಂದಸ್ಸೆಂದುಕೊಳ್ಳಬೇಕು.

ಕೊನೆಯ ವರ್ಷಗಳು ಮಸುಕಾದುವು. ಅಮೆರಿಕದ ಜಾನ್ ಡಿಲೋರಿಯನ್ನನು ಬ್ರಿಟಿಷ್ ಸರಕಾರದ ಹಣದಿಂದ ಕಟ್ಟಲು ಹೊರಟ ಕಾರನ್ನು ಸಿದ್ಧಪಡಿಸಿಕೊಡುವ ಕೆಲಸ ಲೋಟಸ್ಸಿಗೆ ಬಂದಿದ್ದಿತು. ಆ ಹಣದಲ್ಲಿ ಒಂದು ದೊಡ್ಡ ಭಾಗ ವಿದೇಶದ ಖಾತೆಗಳಲ್ಲಿ ಮಾಯವಾಯಿತು. ವಿಚಾರಣೆಯ ಮೋಡ ದಟ್ಟವಾಗುತ್ತಿದ್ದಾಗಲೇ, 1982ರ ಡಿಸೆಂಬರ್ 16ರಂದು, ನಾರ್ಫಕ್ಕಿನ ತನ್ನ ಮನೆಯಲ್ಲಿ ಹೃದಯಾಘಾತದಿಂದ ಚಾಪ್ಮನ್ ತೀರಿಕೊಂಡನು. ವಯಸ್ಸು 54. ಅವನ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಫ್ರೆಡ್ ಬುಶೆಲ್ 1992ರಲ್ಲಿ ತಪ್ಪೊಪ್ಪಿಕೊಂಡು ಸೆರೆಮನೆಗೆ ಹೋದನು; ಚಾಪ್ಮನ್ ಬದುಕಿದ್ದರೆ ಅವನಿಗೆ ಇನ್ನೂ ದೀರ್ಘವಾದ ಶಿಕ್ಷೆಯಾಗುತ್ತಿತ್ತೆಂದು ನ್ಯಾಯಾಧೀಶನು ಅಭಿಪ್ರಾಯಪಟ್ಟನು. ಸತ್ತವನು ಉತ್ತರ ಹೇಳಲಾರನು.

ಸೆವೆನ್ ಮಾತ್ರ ಸಾಯಲಿಲ್ಲ. 1973ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ತೆರಿಗೆ ಬಂದು ಬಿಡಿ ಭಾಗಗಳ ಅನುಕೂಲ ತಪ್ಪಿಹೋದಾಗ ಲೋಟಸ್ ಅದನ್ನು ಕೈಬಿಟ್ಟಿತು. ಅದರ ಹಕ್ಕನ್ನು ಕೇಟರ್ಹ್ಯಾಮ್ ಕಂಪನಿ ಕೊಂಡಿತು. 1980ರ ದಶಕದಲ್ಲಿ ಅವರು ಡಿಫರೆನ್ಶಿಯಲ್ಲನ್ನು ಏರಿಳಿಯುವ ಅಚ್ಚಿನಿಂದ ಬೇರ್ಪಡಿಸಿ ಚೌಕಟ್ಟಿಗೇ ಬಿಗಿದು, ಗಾಲಿಗಳೆರಡನ್ನೂ ಹಗುರವಾದ ಬಾಗುಕೊಳವೆಯೊಂದರಿಂದ ಜೋಡಿಸಿದರು. ಇದು ಚಾಪ್ಮನ್ನನೇ 1950ರ ದಶಕದ ತನ್ನ ಪಂದ್ಯದ ಗಾಡಿಗಳಲ್ಲಿ ಬಳಸಿದ ಕ್ರಮ. 1996ರಲ್ಲಿ ರಾನ್ ಚಾಂಪಿಯನ್ ಎಂಬ ಶಾಲಾ ಉಪಾಧ್ಯಾಯನು ಅಂತಹುದೇ ಗಾಡಿಯನ್ನು ಅಲ್ಪ ಹಣದಲ್ಲಿ ಮನೆಯಲ್ಲಿ ಕಟ್ಟುವ ಬಗೆಯನ್ನು ಕುರಿತು ಒಂದು ಪುಸ್ತಕ ಬರೆದನು. ಅದನ್ನು ಹಿಡಿದು ಹಲವು ದೇಶಗಳಲ್ಲಿ ಎಷ್ಟೋ ಮಂದಿ ಕೊಳವೆ ಕತ್ತರಿಸಿ ಬೆಸೆಯತೊಡಗಿದರು. ಹಳೆಯ ಫೋರ್ಡ್ ಸಿಯೆರಾ ಅಥವಾ ಮಾಜ್ದಾ ಗಾಡಿಯಿಂದ ಡಿಫರೆನ್ಶಿಯಲ್ಲನ್ನು ಬಿಚ್ಚಿ ತಂದು, ಜಾಕಿನ ಮೇಲೆ ಕೂರಿಸಿ, ಚೌಕಟ್ಟಿನ ನಡುವೆ ಮೆಲ್ಲನೆ ಏರಿಸುತ್ತಾರೆ. ಮೊದಲು ಬೆಸೆಯುವುದಿಲ್ಲ. ಚುಕ್ಕೆ ಚುಕ್ಕೆಯಾಗಿ ಅಂಟಿಸಿ, ಗೇರುಪೆಟ್ಟಿಗೆಯಿಂದ ದಾರ ಎಳೆದು ನೋಡುತ್ತಾರೆ. ಮೂತಿಯ ಮೇಲೆ ಕೋನಮಾಪಕವನ್ನಿಟ್ಟು ಗೇರುಪೆಟ್ಟಿಗೆಯ ಕೋನಕ್ಕೆ ಹೋಲಿಸುತ್ತಾರೆ. ಒಂದು ಡಿಗ್ರಿ ಹೆಚ್ಚಿದ್ದರೆ ಆಧಾರದ ಅಡಿಗೆ ತೆಳು ತಗಡಿನ ಬಿಲ್ಲೆಯೊಂದನ್ನು ಸೇರಿಸುತ್ತಾರೆ. ಹಿಂದಿನ ಬೋಲ್ಟುಗಳಿಗೆ ಎಷ್ಟು ದಪ್ಪದ ಫಲಕ ಸಾಕು ಎಂದು ಆಮೇಲೆ ಬಹಳ ಹೊತ್ತು ಚರ್ಚೆ ನಡೆಯುತ್ತದೆ.